ಕುಸಿಯದ ಮೋಡ

"ಹುಡುಗೀರ್ನ ನೋಡೋಕೆ ಬಂದಿದ್ರೆ ಟಾಕೀಸ್ ಮುಂದೆ ನಿಂತ್ಕೊಳಿ. ಇಲ್ಲಿ ಕೆಲಸ ನಡೀತಾ ಇದೆ."

ಸಲೀಮಾ ಗಂಗಹನುಮಯ್ಯನಿಗೆ ಹೇಳಿದ ಮೊದಲ ಮಾತು ಇದು. ಪಾಪ, ಅವನು ನೋಡುತ್ತಿದ್ದದ್ದು ಅವಳನ್ನಲ್ಲ, ಅವಳ ಬೆರಳ ಕೆಳಗೆ ತೂತು ಬೀಳುತ್ತಿದ್ದ ತನ್ನ ಕಾರ್ಡುಗಳನ್ನು. ಹಾಗಂತ ತೊದಲುತ್ತಾ ಹೇಳಿದ ಮೇಲೆ ಅವಳು ನಗು ತಡೆಯಲು ಕೆಳತುಟಿ ಕಚ್ಚಿಕೊಂಡು, ದುಪಟ್ಟಾವನ್ನು ಸುಮ್ಮನೆ ಸರಿಮಾಡಿಕೊಂಡಳು. ಆಗ ಅವನು ನಿಜವಾಗಿಯೂ ಅವಳನ್ನು ನೋಡಿದ. ಬಯ್ಸಿಕೊಂಡದ್ದು ವ್ಯರ್ಥವಾಗಲಿಲ್ಲ.

ಅದು ೧೯೮೦. ತುಮಕೂರಿನ ಶಿರಾ ಗೇಟಿನಲ್ಲಿ ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಸದಾಶಿವಯ್ಯನವರ ಪಂಚಿಂಗ್ ಸೆಂಟರ್ ಇತ್ತು. ಆಗೆಲ್ಲ ಕಂಪ್ಯೂಟರಿಗೆ ಏನು ಹೇಳಬೇಕಾದರೂ ದಪ್ಪ ಕಾಗದದ ಕಾರ್ಡುಗಳಲ್ಲಿ ತೂತು ಕೊರೆದು ಹೇಳಬೇಕಿತ್ತು. ಸೆಂಟರಿಗೆ ಬರುತ್ತಿದ್ದುದು ಕಾರ್ಖಾನೆಯ ಹಾಜರಿ, ಪರೀಕ್ಷೆಯ ಅಂಕ, ಇಂಥವೇ. ಗಂಗಹನುಮಯ್ಯ ಮಾತ್ರ ನಕ್ಷತ್ರ ಹುಟ್ಟುವ ಲೆಕ್ಕ ಹೊತ್ತು ತಂದಿದ್ದ. ಅವನು ಹಾಗಲವಾಡಿಯವನು, ತುಮಕೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಹಂಗಾಮಿ ಮೇಷ್ಟ್ರು, ಬೆಂಗಳೂರಿನ ಪ್ರೊಫೆಸರೊಬ್ಬರ ಕೈಕೆಳಗೆ ಪಿಎಚ್‌.ಡಿ. ಮಾಡುತ್ತಿದ್ದ.

ಲೆಕ್ಕ ಏನೆಂದು ಸಲೀಮಾ ಕೇಳಿದಾಗ ಅವನು ಖುಷಿಯಿಂದ ಉಬ್ಬಿ ಹೋದ. ಆಕಾಶದಲ್ಲಿ ದೊಡ್ಡ ದೊಡ್ಡ ಅನಿಲದ ಮೋಡಗಳಿವೆ, ತಮ್ಮ ತೂಕಕ್ಕೆ ತಾವೇ ಒಳಗೆ ಕುಸಿಯುತ್ತವೆ, ನಡುವೆ ನಕ್ಷತ್ರ ಹುಟ್ಟುತ್ತದೆ, ಸುತ್ತ ಉಳಿದ ಧೂಳಿನ ಬಳೆಯಿಂದ ಗ್ರಹಗಳು ಆಗುತ್ತವೆ. ಆದರೆ ಮೋಡ ಗಿರಗಿರನೆ ಜೋರಾಗಿ ತಿರುಗುತ್ತಿದ್ದರೆ ಕುಸಿಯುವುದಿಲ್ಲ, ಚೆದುರಿ ಹೋಗುತ್ತದೆ. ಎಷ್ಟು ತಿರುಗಿದರೆ ಹುಟ್ಟುತ್ತದೆ, ಎಷ್ಟು ತಿರುಗಿದರೆ ಇಲ್ಲ, ಅದೇ ಅವನ ಪ್ರಶ್ನೆ.

ಸೆಂಟರಿನಲ್ಲಿ ಒಂದು ಕಟ್ಟಳೆ ಇತ್ತು. ಒಬ್ಬರು ಕಾರ್ಡು ಕೊರೆದರೆ ಇನ್ನೊಬ್ಬರು ಅದನ್ನೇ ಪರೀಕ್ಷೆಯ ಯಂತ್ರಕ್ಕೆ ಹಾಕಿ, ಮೂಲ ಹಾಳೆ ನೋಡಿಕೊಂಡು ಮತ್ತೊಮ್ಮೆ ಟೈಪ್ ಮಾಡಬೇಕು. ಎರಡೂ ಕೂಡಿಬಂದರೆ ಕಾರ್ಡು ಮುಂದೆ ಹೋಗುತ್ತದೆ. ಕೂಡದಿದ್ದರೆ ಕೀಲಿಗಳು ಬಿಗಿದು ಕೆಂಪು ದೀಪ ಹತ್ತುತ್ತದೆ. ಪರೀಕ್ಷೆಗೆ ಇನ್ನೊಬ್ಬ ಹುಡುಗಿ ಇರಲಿಲ್ಲವಾದ್ದರಿಂದ, ಟೈಪಿಂಗ್ ಬಲ್ಲ ಮೇಷ್ಟ್ರೇ ಕೂತುಕೊಳ್ಳಲಿ ಎಂದರು ಸದಾಶಿವಯ್ಯ. ಕೊರೆಯುವವರು, ನೋಡುವವರು ಒಬ್ಬರ ಮುಖ ಒಬ್ಬರು ನೋಡಬಾರದೆಂದು ಎರಡು ಯಂತ್ರಗಳನ್ನೂ ಬೆನ್ನಿಗೆ ಬೆನ್ನು ಮಾಡಿ ಇಟ್ಟಿದ್ದರು. ಪ್ರೀತಿ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಯಾರು ಮಾಡಿಕೊಡುತ್ತಾರೆ?

ಮುಖ ಕಾಣದೆ ಮಾತು ಬೆಳೆಯಿತು. ದೀಪ ಹತ್ತಿದಾಗಲೆಲ್ಲ ತಪ್ಪು ಯಾರದು ಎಂದು ಜಗಳ. ಹತ್ತರಲ್ಲಿ ಒಂಬತ್ತು ಸಲ ಅವನದೇ. ಅವಳು ತಿರುಗಿ ನೋಡದೆಯೇ, ಹಾಗಲವಾಡಿಯಲ್ಲಿ ಬೆರಳು ಸ್ವಲ್ಪ ದಪ್ಪವೋ ಏನೋ ಎಂದು ಕಿಚಾಯಿಸುತ್ತಿದ್ದಳು. ಅವನು ಅವಳ ಬಳೆ ಸದ್ದಿನಲ್ಲೇ ಸಾಲು ಮುಗಿದದ್ದನ್ನು ಗುರುತಿಸುತ್ತಿದ್ದ. ಸಂಜೆ ಗುಬ್ಬಿ ಬಸ್ಸಿನವರೆಗೆ ಅವಳ ಹಿಂದೆ ಹತ್ತು ಹೆಜ್ಜೆ ಬಿಟ್ಟು ನಡೆಯುತ್ತಿದ್ದ. ಕಿಟಕಿಯ ಸೀಟಿನಿಂದ ಅವಳು ಒಮ್ಮೆ, ಒಮ್ಮೆ ಮಾತ್ರ, ತಿರುಗಿ ನೋಡುತ್ತಿದ್ದಳು. ಆ ನೋಟದ ಮೇಲೆ ಅವನ ರಾತ್ರಿ ಊಟ ನಡೆಯುತ್ತಿತ್ತು.

ಆದರೆ ಹಾದಿ ಹೂವಿನದಾಗಿರಲಿಲ್ಲ. ಗುಬ್ಬಿಯಲ್ಲಿ ಹಾಸಿಗೆ ಹೊಲಿಯುವ ಸಲೀಮಾಳ ತಂದೆ ಇಸಾಕ್ ಸಾಬರು ಮಗಳಿಗೆ ಕುಣಿಗಲ್ಲಿನ ಮನ್ಸೂರ್ ಅಲಿಯನ್ನು ನೋಡಿಟ್ಟಿದ್ದರು. ಕೆಲಸ ಇರುವಷ್ಟು ದಿನ ಮಾಡಲಿ, ಬಿಟ್ಟ ದಿನ ನಿಕಾಹ್ ಎಂದು ಮಾತಾಗಿತ್ತು. ಇತ್ತ ಹಾಗಲವಾಡಿಯಲ್ಲಿ ಅವನ ಮನೆಯವರಿಗೆ ಸುದ್ದಿ ತಿಳಿದರೆ ಅವನು ಹೊಸ್ತಿಲು ತುಳಿಯುವಂತಿಲ್ಲ. ಪಿಎಚ್‌.ಡಿ. ಆದರೆ ದೂರದ ಊರಲ್ಲಿ ಖಾಯಂ ಕೆಲಸ ಸಿಗುತ್ತದೆ, ರಿಜಿಸ್ಟರ್ ಮದುವೆಯಾಗಿ ಹೋಗಿಬಿಡೋಣ ಎಂದ ಗಂಗಹನುಮಯ್ಯ. ಅಲ್ಲಿವರೆಗೂ ಕೆಲಸ ಬಿಡುವುದಿಲ್ಲ ಎಂದಳು ಸಲೀಮಾ. ಇಬ್ಬರ ಬಾಳೂ ಒಂದು ಮೋಡಕ್ಕೆ ಜೋತುಬಿದ್ದಿತ್ತು.

ಮರುವರ್ಷ ಅದೃಷ್ಟ ಒಲಿದಂತೆ ಕಂಡಿತು. ಬೆಂಗಳೂರಿನ ಕಂಪ್ಯೂಟರಿಗೆ ಈ ಲೆಕ್ಕ ಇರುವೆಯ ಮೇಲೆ ಆನೆ ಹೊರಿಸಿದಂತಾಗಿತ್ತು. ಮೋಡವನ್ನು ಎಷ್ಟೇ ದಪ್ಪ ತುಂಡುಗಳಾಗಿ ಮಾಡಿ ಕೊಟ್ಟರೂ ಅದಕ್ಕೆ ಉಸಿರು ಕಟ್ಟುತ್ತಿತ್ತು. ಪ್ರೊಫೆಸರು ತಮ್ಮ ಗೆಳೆಯರನ್ನು ಹಿಡಿದು, ಅಮೆರಿಕದ ಒಂದು ಸೂಪರ್ ಕಂಪ್ಯೂಟರಿನಲ್ಲಿ ಸಮಯ ಕೇಳಿ ಪಡೆದರು. ಒಂದೇ ಸಲ. ಕಾರ್ಡುಗಳು ಬೆಂಗಳೂರಿಗೆ ಹೋಗಿ ಟೇಪಿಗೆ ಏರಿ ವಿಮಾನ ಹತ್ತಬೇಕು.

ಕೊನೆಯ ಕಟ್ಟು ಕೊರೆಯುವ ದಿನ ಆಯುಧಪೂಜೆಗೆಂದು ಗೋಡೆಗೆ ಸುಣ್ಣ ಹೊಡೆಯುತ್ತಿದ್ದರು. ಯಂತ್ರಗಳನ್ನು ಕೋಣೆಯ ನಡುವೆ ಎಳೆದು ಹೇಗೋ ನಿಲ್ಲಿಸಿದ್ದರು. ಮೊದಲ ಬಾರಿಗೆ ಇಬ್ಬರೂ ಎದುರುಬದುರು ಕೂತರು.

ಅವಳ ಹುಬ್ಬಿನ ಮೇಲೆ ಸುಣ್ಣದ ಒಂದು ಹನಿ ಸಿಡಿದಿತ್ತು. ಅವಳಿಗೆ ಗೊತ್ತಿರಲಿಲ್ಲ. ಅವನು ನೋಡುತ್ತಿರುವುದು ಗೊತ್ತಾಗಿ, ರೆಪ್ಪೆ ಎತ್ತದೆ ಮೆಲ್ಲಗೆ ನಕ್ಕಳು. ಕಿವಿಯವರೆಗೂ ಕೆಂಪೇರಿತು. ಅಷ್ಟರಲ್ಲಿ ಅವನ ಯಂತ್ರದ ದೀಪ ಹತ್ತಿತು. ಅವನು ಸೊನ್ನೆ ಒತ್ತಿದ್ದ, ಯಂತ್ರ ಒಲ್ಲೆ ಎಂದಿತ್ತು. ತಾನೇ ಅಂಕಿಗಳನ್ನು ಹಿಂದುಮುಂದು ಮಾಡಿದೆನೆಂದುಕೊಂಡು ಮೊದಲು ನಾಲ್ಕು ಒತ್ತಿದ, ಆಮೇಲೆ ಸೊನ್ನೆ ಒತ್ತಿದ. ದೀಪ ಆರಿತು. ಹಾಳೆಯ ಕಡೆ ನೋಡಲಿಲ್ಲ. ಅವಳ ಕೈ ತಪ್ಪುವುದಿಲ್ಲ ಎಂದು ನಂಬಿದ್ದ. ಪ್ರೀತಿಗೆ ಕಣ್ಣಿಲ್ಲ ಅಂತಾರೆ. ಇವನ ಪ್ರೀತಿಗೆ ಇತ್ತು, ನೋಡಬಾರದ ಕಡೆ ನೋಡುತ್ತಿತ್ತು.

ಫಲಿತಾಂಶ ಬಂದಾಗ ಬೇಸಿಗೆ. ಮೋಡ ಕುಸಿದಿರಲಿಲ್ಲ. ದೋಸೆಯ ಹಾಗೆ ಅಗಲವಾಗಿ ಹರಡಿ, ತೆಳ್ಳಗಾಗಿ, ಚೆದುರಿ ಹೋಗಿತ್ತು. ಗಂಗಹನುಮಯ್ಯ ಪ್ರೊಫೆಸರ ಕೋಣೆಯಲ್ಲೇ, ಕಂಪ್ಯೂಟರಿನಿಂದ ಅಚ್ಚಾಗಿ ಬಂದ ಹಾಳೆಗಳ ಮೊದಲ ಪುಟ ತಿರುಗಿಸಿದ. ತಿರುಗುವ ವೇಗ ಸೊನ್ನೆ ಬಿಂದು ಸೊನ್ನೆ ನಾಲ್ಕು ಇರಬೇಕಾದಲ್ಲಿ ಸೊನ್ನೆ ಬಿಂದು ನಾಲ್ಕು ಸೊನ್ನೆ ಇತ್ತು. ಹತ್ತು ಪಟ್ಟು. ಸುಣ್ಣ ಹೊಡೆಯುತ್ತಿದ್ದ ದಿನ ತಾನು ಹಾಳೆ ನೋಡದೆ ಒತ್ತಿದ್ದ ನಾಲ್ಕು ನೆನಪಾಯಿತು.

ಕಾರ್ಡಿನ ತಪ್ಪು ಎಂದು ಬಾಯಿಬಿಟ್ಟರೆ ಸಲೀಮಾಳ ಕೆಲಸ ಅಂದೇ ಹೋಗುತ್ತದೆ. ಕೆಲಸ ಹೋದರೆ ಕುಣಿಗಲ್. ಅವನು ಪುಟ ಮುಚ್ಚಿ, ಆ ವೇಗವನ್ನು ನಾನೇ ಬೇಕೆಂದು ಕೊಟ್ಟಿದ್ದೆ, ನನ್ನ ಊಹೆಯೇ ತಪ್ಪಿತ್ತು ಎಂದುಬಿಟ್ಟ. ಪ್ರೊಫೆಸರು ಹಾಳೆಗಳನ್ನು ಅವನ ಕಡೆಗೆ ತಳ್ಳಿದರು. ಈ ವಿಷಯ ಬಿಟ್ಟು ಬೇರೆ ಏನಾದರೂ ಹುಡುಕಿಕೋ ಎಂದರು.

ಸಲೀಮಾಳಿಗೂ ಅದನ್ನೇ ಹೇಳಿದ. ಅವಳು ಸಮಾಧಾನ ಹೇಳಿದಳು, ಆದರೆ ನಂಬಲಿಲ್ಲ. ಹಳೆಯ ಬಸ್ ಟಿಕೆಟ್ಟನ್ನೂ ಜೋಪಾನ ಮಾಡುವ ಮನುಷ್ಯ ಅಚ್ಚಿನ ಹಾಳೆಗಳನ್ನು ಎಸೆದೆ ಅನ್ನುತ್ತಾನೆ. ದೀಪ ಹತ್ತಿದರೆ ಈಗ ಜಗಳಕ್ಕೇ ಬರುವುದಿಲ್ಲ, ಎಲ್ಲಾ ತಪ್ಪೂ ನಂದೇ ಅನ್ನುತ್ತಾನೆ. ಬೆಂಗಳೂರಿನಿಂದ ವಾಪಸ್ ಬಂದಿದ್ದ ಕಾರ್ಡಿನ ಕಟ್ಟು ಸೆಂಟರಿನ ಮೂಲೆಯಲ್ಲೇ ಇತ್ತು. ಅವನು ಕಾಲೇಜಿನಲ್ಲಿದ್ದ ಒಂದು ಬೆಳಿಗ್ಗೆ ಅವಳು ಅದನ್ನು ಬಿಚ್ಚಿ ಅವನ ಜಾಗದಲ್ಲಿ ಕೂತು, ಹಾಳೆ ನೋಡಿಕೊಂಡು ತನ್ನ ಕಾರ್ಡುಗಳನ್ನು ತಾನೇ ಪರೀಕ್ಷಿಸಿದಳು. ಮಧ್ಯಾಹ್ನದ ಹೊತ್ತಿಗೆ ದೀಪ ಹತ್ತಿತು.

ಅತ್ತದ್ದು ಸ್ವಲ್ಪ ಹೊತ್ತು. ಆಮೇಲೆ ಬಂದದ್ದು ಕೋಪ. ಸದಾಶಿವಯ್ಯನವರಿಗೆ ಹೇಳಿ, ಅವರ ಎದುರಿಗೇ ಬೆಂಗಳೂರಿಗೆ ಟ್ರಂಕ್ ಕಾಲ್ ಹಚ್ಚಿಸಿ, ಪ್ರೊಫೆಸರಿಗೆ ತಪ್ಪು ತನ್ನದೆಂದು ತಾನೇ ಹೇಳಿದಳು. ಸದಾಶಿವಯ್ಯ ಕೆಟ್ಟವರಲ್ಲ, ಆದರೆ ಸುದ್ದಿ ಹಬ್ಬಿದರೆ ಸೆಂಟರಿಗೆ ಯಾರೂ ಬರುವುದಿಲ್ಲ. ನಾಳೆಯಿಂದ ಬರುವುದು ಬೇಡಮ್ಮ ಎಂದರು.

ಸುದ್ದಿ ಕೇಳಿ ಗಂಗಹನುಮಯ್ಯ ಏದುಸಿರು ಬಿಡುತ್ತಾ ಬಸ್ ಸ್ಟ್ಯಾಂಡಿಗೆ ಬಂದ. ಈ ಸಲ ಹತ್ತು ಹೆಜ್ಜೆ ಹಿಂದೆ ನಿಲ್ಲಲಿಲ್ಲ. ಗುಬ್ಬಿ ಬಸ್ಸು ಇನ್ನೂ ಬಂದಿರಲಿಲ್ಲ.

"ಯಾಕ್ ಹೇಳ್ದೆ ಸಲೀಮಾ? ನಾನು ಮುಚ್ಚಿಟ್ಟಿದ್ದೆಲ್ಲ ನಿನಗೋಸ್ಕರ ಅಲ್ವಾ?"

"ನನಗೋಸ್ಕರ ಅಂತ ನನ್ನ ಒಂದ್ಮಾತು ಕೇಳಿದ್ರಾ?" ಅವಳು ಅವನ ಕಡೆ ತಿರುಗಿದಳು. "ನನ್ ತಪ್ಪನ್ನೂ ನನಗೆ ಬಿಡ್ಲಿಲ್ಲ ನೀವು. ನಿಮ್ ಬದುಕು ಹಾಳ್ ಮಾಡಿದೀನಿ ಅಂತ ಗೊತ್ತೇ ಇಲ್ದೆ ನಾನು ನಗ್ತಾ ಕೂತಿರ್ಬೇಕಿತ್ತಾ?"

ಅವಳು ಸ್ವಲ್ಪ ತಣ್ಣಗಾಗಿ, ಪ್ರೊಫೆಸರು ಕೋಪಿಸಿಕೊಳ್ಳಲಿಲ್ಲ, ಕಾರ್ಡಿನ ತಪ್ಪಾದರೆ ಮತ್ತೊಮ್ಮೆ ಕೇಳಿ ನೋಡುತ್ತೇನೆ ಎಂದರು ಎಂದು ಹೇಳಿದಳು. ಹೇಳಿ ಅವನ ಮುಖವನ್ನೇ ನೋಡಿದಳು. ಇವತ್ತೇ ರಿಜಿಸ್ಟ್ರಾರ್ ಆಫೀಸಿಗೆ ಹೋಗೋಣ ಬಾ ಅಂದರೆ ಅವಳು ಹೋಗುವವಳಿದ್ದಳು. ಮನಸ್ಸಿನಲ್ಲಿ ಅಷ್ಟು ಗಟ್ಟಿ ಮಾಡಿಕೊಂಡೇ ಬಂದಿದ್ದಳು.

"ಇನ್ನೊಂದ್ ಚಾನ್ಸ್ ಕೊಡ್ತಾರಂತಾ?" ಎಂದ ಅವನು.

ಅವನ ಮುಖ ಬೆಳಗಿತ್ತು. ತಿಂಗಳುಗಳಿಂದ ಕಾಣದ ಬೆಳಕು. ಒಂದು ಕ್ಷಣ, ಅಷ್ಟೇ, ಅವನು ಮೋಡದ ಬಗ್ಗೆ ಯೋಚಿಸಿದ. ಅವನಿಗೆ ಎಚ್ಚರವಾಗಿ ಅವಳ ಹೆಸರು ಕರೆಯುವಷ್ಟರಲ್ಲಿ ಬಸ್ಸು ಬಂತು. ಅವಳು ಹತ್ತಿದಳು. ಕಿಟಕಿಯ ಸೀಟು ಖಾಲಿ ಇದ್ದರೂ ಅದನ್ನು ಬಿಟ್ಟು ಆಚೆ ಬದಿಗೆ ಕೂತಳು, ತಿರುಗಿ ನೋಡಲಿಲ್ಲ.

ಮರುದಿನವೇ ಅವನು ಗುಬ್ಬಿಗೆ ಹೋದ. ಇಸಾಕ್ ಸಾಬರು ಕೂರಿಸಿ ಚಹಾ ಕೊಟ್ಟು, ಮಗಳು ನಿಮ್ಮನ್ನು ನೋಡಲು ಒಪ್ಪುತ್ತಿಲ್ಲ ಮೇಷ್ಟ್ರೇ ಎಂದರು. ಬಯ್ದಿದ್ದರೆ ವಾಸಿಯಿತ್ತು. ಮಳೆಗಾಲಕ್ಕೆ ಮುಂಚೆ ಕುಣಿಗಲ್ಲಿನಲ್ಲಿ ನಿಕಾಹ್ ಆಯಿತು.

ಇನ್ನೊಂದು ಅವಕಾಶ ಸಿಕ್ಕಿದ್ದು ಎರಡು ವರ್ಷದ ಮೇಲೆ. ಈ ಸಲ ಕಾರ್ಡುಗಳನ್ನು ಅವನೇ ಕೊರೆದ. ಮೋಡ ಕುಸಿಯಿತು, ಅವನು ಅಂದುಕೊಂಡ ಹಾಗೆಯೇ. ಪ್ರೊಫೆಸರು ಬೆನ್ನು ತಟ್ಟಿದರು, ದೂರದ ಊರಲ್ಲಿ ಖಾಯಂ ಕೆಲಸವೂ ಆಯಿತು. ಗೆದ್ದದ್ದನ್ನು ಯಾರಿಗೆ ಹೇಳಬೇಕೆಂದು ಹುಡುಕಿದರೆ ಒಬ್ಬರೂ ಇರಲಿಲ್ಲ.

ಒಂದು ಶುಕ್ರವಾರ ಕುಣಿಗಲ್ಲಿಗೆ ಹೋದ. ಮನ್ಸೂರ್ ಅಲಿಯದು ಸ್ಟೌ ರಿಪೇರಿ ಅಂಗಡಿ. ಅವನು ನಮಾಜಿಗೆ ಹೋಗಿದ್ದ. ಸಲೀಮಾ ಒಬ್ಬಳೇ ಕೂತಿದ್ದಳು. ಮುಖ ಸೊರಗಿತ್ತು, ಕಣ್ಣು ಅವೇ ಇದ್ದವು.

"ಆಯ್ತು ಸಲೀಮಾ. ನಕ್ಷತ್ರ ಹುಟ್ತು," ಎಂದ.

ಗ್ರಹಗಳೂ ಆದವೇ ಎಂದು ಅವಳು ಕೇಳಿದಳು. ಇನ್ನೂ ಇಲ್ಲ, ಅಷ್ಟರಲ್ಲಿ ಯಂತ್ರದ ಸಮಯ ಮುಗಿಯಿತು, ಸುತ್ತ ಧೂಳಿನ ಬಳೆ ಮಾತ್ರ ಇದೆ ಎಂದ. ಅವಳು ತಲೆಯಾಡಿಸಿದಳು. ಮನ್ಸೂರ್ ಒಳ್ಳೆಯವನು, ಒಂದು ದಿನವೂ ಗದರಿಲ್ಲ ಎಂದಳು. ಗಂಗಹನುಮಯ್ಯ ಆವತ್ತು ಬಸ್ ಸ್ಟ್ಯಾಂಡಿನಲ್ಲಿ ಕೇಳಬೇಕಾಗಿದ್ದ ಮಾತನ್ನು ಈಗ ಕೇಳಲು ಬಾಯಿ ತೆರೆದ. ಅವಳು ಬೇಡವೆಂದು ಕೈ ಎತ್ತಿ ತಡೆದಳು.

ಮಸೀದಿಯಿಂದ ಜನ ಹೊರಗೆ ಬರತೊಡಗಿದ್ದರು. ಸಲೀಮಾ ಎದ್ದು ನಿಂತಳು. ಕಣ್ಣು ತುಂಬಿದ್ದರೂ ಧ್ವನಿ ಗಟ್ಟಿಯಿತ್ತು.

"ಇನ್ಮೇಲೆ ಈ ಕಡೆ ಬರ್ಬೇಡಿ ಮೇಷ್ಟ್ರೇ. ಇನ್ನೊಂದ್ಸಲ ಬಂದ್ರೆ ನಾನು ನಿಮ್ ಜೊತೆ ಹೊರಟ್ಬಿಡ್ತೀನಿ."