ನಕ್ಷೆಯಲ್ಲಿಲ್ಲದ ನಾಲ್ಕನೇ ಕೋಣೆ

ಘೋಟಿಯ ಹತ್ತಿರ ನಾವು ಮನೆ ಕಟ್ಟಿಸುತ್ತಿರುವ ಜಾಗದಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ಸಿಕ್ಕ ಸಾಲಕ್ಕೆ ಹೊಂದಬೇಕೆಂದು ನಕ್ಷೆಯಲ್ಲಿ ಮೂರೇ ಕೋಣೆ ಇಟ್ಟಿದ್ದೆವು. ಕಟ್ಟಡ ನಕ್ಷೆಯಂತಿರದಿದ್ದರೆ ಬ್ಯಾಂಕಿನವರು ಮುಂದಿನ ಕಂತು ಕೊಡುವುದಿಲ್ಲ.

ಪಾಯಕ್ಕೆ ಸುಣ್ಣದ ಗೆರೆ ಹಾಕಿದ ಮರುದಿನ ನೋಡಿದರೆ ಹಿಂಭಾಗದಲ್ಲಿ ನಾಲ್ಕನೆಯ ಕೋಣೆಯ ಗೆರೆಯೂ ಇತ್ತು. ಗುತ್ತಿಗೆದಾರ ಮಧುಕರನನ್ನು ಕೇಳಿದೆ.

"ಬಾಯಿಯವರೇ, ನಾನು ಹಾಕಿದ್ದು ಮೂರೇ," ಎಂದ.

ಬರಿಗಾಲಿನಿಂದಲೇ ಅಳಿಸಿದೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ಹೊರಗಿನ ಮಣ್ಣು ಸುಡುತ್ತಿತ್ತು. ಗೆರೆಯ ಒಳಗೆ ಅಂಗಾಲು ತಣ್ಣಗಾಯಿತು. ಆಗಷ್ಟೇ ಸಗಣಿ ಸಾರಿಸಿದಂಥ ವಾಸನೆ. ಮೂರು ಸಲ ಅಳಿಸಿದೆ, ಮೂರು ಸಲವೂ ಗೆರೆ ಮರಳಿ ಬಂತು.

"ಗೆರಿ ತಾನ ಹುಟ್ಟತಾವೇನು? ಯಾರೋ ಚಾಷ್ಟಿ ಮಾಡ್ಯಾರ," ಎಂದರು ನನ್ನ ಗಂಡ ಕೃಷ್ಣರಾಜ.

"ಹಂಗಾದ್ರ ಚಪ್ಪಲಿ ಬಿಟ್ಟು ಒಳಗ ನಿಂದರ್ರಿ," ಎಂದೆ. ಅವರು ನಿಲ್ಲಲಿಲ್ಲ.

ಮೂರೇ ಕೋಣೆಗೆ ಗೋಡೆ ಎಬ್ಬಿಸಿದೆವು. ಜುಲೈಯಲ್ಲಿ ಬ್ಯಾಂಕಿನ ಇಂಜಿನಿಯರ್ ಅಳತೆಗೆ ಬಂದರು. ಚಾವಣಿಯ ಸ್ಲ್ಯಾಬ್ ಇನ್ನೂ ಹಾಕಿರಲಿಲ್ಲ, ಮಳೆ ಜಡಿಯುತ್ತಿತ್ತು. ನಾವು ಕಾರಿನಲ್ಲೇ ಕುಳಿತೆವು. ಅವರು ಕೊಡೆಯಿಲ್ಲದೆ ಹಿಂಭಾಗಕ್ಕೆ ಹೋಗಿ, ವರದಿಯನ್ನು ಪ್ಲಾಸ್ಟಿಕ್ ಫೈಲಿನಲ್ಲಿಟ್ಟುಕೊಂಡು ತೊಯ್ದು ತೊಪ್ಪೆಯಾಗಿ ಬಂದರು. ಅದರಲ್ಲಿ ನಾಲ್ಕು ಕೋಣೆ ಎಂದು ಬರೆದಿತ್ತು.

"ನಾಲ್ಕನೆಯದು ಎಲ್ಲಿದೆ, ತೋರಿಸಿ," ಎಂದು ರೇಗಿದೆ.

"ಅಲ್ಲೇ ನಿಂತು ಬರೆದೆನಲ್ಲ, ಮ್ಯಾಡಮ್. ಅದೊಂದಕ್ಕಾದರೂ ಸೂರಿದೆ ಅಂತ ಬಚಾವಾದೆ."

ಕಂತು ಇಂದಿಗೂ ಬಂದಿಲ್ಲ. ವರದಿಯ ಪ್ರತಿ ನನ್ನ ಬಳಿ ಇದೆ. ಶಾಯಿಯ ಪೆನ್ನಿನಲ್ಲಿ ಎರಡು ಪುಟ ಬರೆದಿದ್ದಾರೆ, ಒಂದಕ್ಷರವೂ ಕದಡಿಲ್ಲ.