ಹನ್ನೊಂದನೆಯ ಪೀಪಾಯಿ

ಹದಿನಾಲ್ಕು ಮಂದಿಯ ಹಿಂದೆ, ತಲೆ ತಗ್ಗಿಸಿ ಒಳಬಂದ ಹದಿನೈದನೆಯವಳನ್ನು ಒದಿಲೋನ್ ಗುರುತಿಸಿದ್ದು ಮುಖದಿಂದಲ್ಲ, ಆ ತಲೆ ತಗ್ಗಿಸಿದ ರೀತಿಯಿಂದ. ಬಾಗಿಲು ಸಾಕಷ್ಟು ಎತ್ತರವಾಗಿಯೇ ಇತ್ತು. ಅವಳು ಬಗ್ಗಿದ್ದು ಚೌಕಟ್ಟಿನ ಮೂಲೆಯಿಂದ ಇಳಿಬಿದ್ದಿದ್ದ ಜೇಡರ ಬಲೆ ಎಲ್ಲಿ ಹರಿದೀತೋ ಎಂದು.

ಮೂರು ವರ್ಷಗಳ ಬಳಿಕ ಗೊಡೆಲೀವ ಬಂದಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೈಯಲ್ಲಿ, ಉಳಿದ ಪ್ರವಾಸಿಗರ ಕೈಯಲ್ಲಿದ್ದಂಥದೇ ಹಳದಿ ಟಿಕೆಟ್ಟು.

ಏಪ್ರಿಲ್ ತಿಂಗಳ ಮೊದಲ ಶನಿವಾರ ಸೆನ್ನೆ ನದಿಯ ಕಣಿವೆಯ ಬಿಯರ್ ತಯಾರಿಸುವ ಈ ಪುಟ್ಟ ಬ್ರೂವರಿಯ ಬಾಗಿಲು ಎಲ್ಲರಿಗೂ ತೆರೆಯುತ್ತದೆ. ನಲವತ್ತು ವರ್ಷಗಳಿಂದ ಒದಿಲೋನ್ ಅದೇ ಮಾತುಗಳನ್ನು ಅದೇ ಜಾಗಗಳಲ್ಲಿ ನಿಂತು ಹೇಳುತ್ತ ಬಂದಿದ್ದಾನೆ. ಇಂದೂ ಆರಂಭಿಸಿದ್ದ.

"ನಾವು ಚಳಿಗಾಲದಲ್ಲಿ ಮಾತ್ರ ಕುದಿಸೋದು. ಗೋಧಿ, ಬಾರ್ಲಿ, ಹಳೇ ಹಾಪ್ಸ್ ಹೂವು, ಇಷ್ಟೇ. ಕುದಿಸಿದ್ದನ್ನ ಅಟ್ಟದ ಮೇಲೆ ಅಗಲವಾದ ತಾಮ್ರದ ತೊಟ್ಟೀಲಿ ಆರೋಕೆ ಬಿಡ್ತೀವಿ. ಹೆಂಚಿನ ಸಂದಿಯಿಂದ ಗಾಳಿ ಬರುತ್ತೆ. ಅದನ್ನ ಹುಳಿ ಹಿಡಿಸೋದು ಆ ಗಾಳೀನೇ. ನಾವು..."

ಅವನ ಕಣ್ಣು ಮತ್ತೆ ಹಿಂದಿನ ಸಾಲಿಗೆ ಹೋಯಿತು.

ಅಂಗಳದ ಮೇಜಿನ ಬಳಿ ರೊಟ್ಟಿ ಕೊಯ್ಯುತ್ತಿದ್ದ ಅವನ ಅಕ್ಕ ಝುಲ್ಮಾ ಕಿಟಕಿಯಿಂದಲೇ ಕೂಗಿದಳು: "ಏನೋ, ನಾಲಿಗೆಗೂ ಬಿರಡೆ ಬಡ್ಕೊಂಡ್ಯಾ?"

ಪ್ರವಾಸಿಗರು ನಕ್ಕರು. ಹಿಂದೆ ನಿಂತವಳು ನಗಲಿಲ್ಲ. ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಏನನ್ನೂ ಮುಟ್ಟೆನೆಂದು ಪ್ರಮಾಣ ಮಾಡಿದವಳಂತೆ ನಿಂತಿದ್ದಳು.

*

ಮೂರು ವರ್ಷಗಳ ಹಿಂದಿನ ಆ ಚಳಿಗಾಲ, ನವೆಂಬರಿನಲ್ಲಿ, ಗೊಡೆಲೀವ ಊರಿಗೆ ಬಂದದ್ದು ಚರ್ಚಿನ ಹಳೆಯ ಆರ್ಗನ್ ವಾದ್ಯದ ಸೀಸದ ಕೊಳವೆಗಳನ್ನು ದುರಸ್ತಿ ಮಾಡಲು. ಬ್ರೂವರಿಯ ಗಾಡಿಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಮಧ್ಯಾಹ್ನ ಕೆಲಸ ಮುಗಿಸಿ, ಬೆರಳ ತುದಿಗಳಲ್ಲಿ ಸೀಸದ ಬೂದಿಬಣ್ಣವನ್ನು ಹೊತ್ತು ಅಂಗಳ ದಾಟುವಾಗ, ಒದಿಲೋನ್‌ಗೆ ಯಾವುದಾದರೊಂದು ಪೀಪಾಯಿಯನ್ನು ಅಂಗಳಕ್ಕೆ ಉರುಳಿಸುವ ಕೆಲಸ ಹೇಗೋ ಒದಗಿಬರುತ್ತಿತ್ತು.

"ಯಜಮಾನ್ರೇ, ನಿನ್ನೆಯೂ ಇದೇ ಪೀಪಾಯಿ ಉರುಳಿಸ್ತಿದ್ರಿ."

"ಅದಕ್ಕೆ ನಡೆಯೋ ಅಭ್ಯಾಸ ಬೇಕು, ಅಮ್ಮಾವ್ರೇ."

ಜನವರಿಯಲ್ಲಿ ಹೊಸ ಬಿಯರನ್ನು ಪೀಪಾಯಿಗಳಿಗೆ ತುಂಬಿಸಿದ ಮೂರನೆಯ ದಿನ ಅವಳು ಒಳಗೆ ಬಂದು, ಬಿಯರು ಹುದುಗತೊಡಗಿದ್ದ ಹನ್ನೊಂದನೆಯ ಪೀಪಾಯಿಯ ಮರಕ್ಕೆ ಕಿವಿಯಿಟ್ಟು ಬಹಳ ಹೊತ್ತು ನಿಂತಿದ್ದಳು. ಕಣ್ಣು ಮುಚ್ಚಿದ್ದಳು. ಕಣ್ಣು ಮುಚ್ಚಿದ ಆ ಮುಖವನ್ನು ಯಾರ ಅಪ್ಪಣೆಯೂ ಇಲ್ಲದೆ ನೋಡುವ ಭಾಗ್ಯ, ಅರವತ್ತೈದು ವರ್ಷ ಒಂಟಿಯಾಗಿಯೇ ಉಂಡು ಮಲಗಿದ್ದವನಿಗೆ, ಆ ಹೊತ್ತು ಒದಗಿತು.

"ಒಳಗೆ ಯಾರೋ ಗೊಣಗ್ತಿದಾರೆ" ಎಂದಳು.

"ನನ್ನ ಮೇಲೆ ದೂರು ಹೇಳ್ತಿರಬೇಕು."

"ಇರಬಹುದು. ಆದ್ರೆ ಶ್ರುತಿ ಸರಿಯಾಗಿದೆ." ಒಂದು ಕಣ್ಣನ್ನಷ್ಟೇ ತೆರೆದು ಅವನನ್ನು ನೋಡಿದಳು. ಮತ್ತೆ ಮುಚ್ಚಿದಳು.

ಅವಳು ಹೋದ ಮೇಲೆ ಒದಿಲೋನ್ ಸೀಮೆಸುಣ್ಣ ಎತ್ತಿಕೊಂಡ. ಪೀಪಾಯಿಯ ಹಣೆಯ ಮೇಲೆ ತುಂಬಿಸಿದ ದಿನವನ್ನೂ ಕುದಿಸಿದ ಪಾತ್ರೆಯನ್ನೂ ಗುರುತು ಹಾಕುವುದು ಅವನ ಅಜ್ಜನ ಕಾಲದಿಂದ ಬಂದ ರೂಢಿ. ಮುಂದೆ ಆ ಪೀಪಾಯಿಯ ನಡವಳಿಕೆಯೆಲ್ಲ ಅಲ್ಲಿಯೇ ಬರೆಯಲ್ಪಡುತ್ತದೆ. ಯಾವ ಕಾಗದದಲ್ಲಿಯೂ ಅಲ್ಲ. ಹನ್ನೊಂದರ ಮೇಲೆ ದಿನಾಂಕ ಬರೆದು, ಅದರ ಕೆಳಗೆ ಬೆರಳುದ್ದದ ಒಂದು ಆರ್ಗನ್ ಕೊಳವೆಯ ಚಿತ್ರ ಬಿಡಿಸಿದ. ಬಿಡಿಸಿ, ಯಾರಾದರೂ ನೋಡಿದರೇನೋ ಎಂದು ಹಿಂತಿರುಗಿ ನೋಡಿದ. ಅದಷ್ಟೇ ಅವನ ಬದುಕಿನ ಪ್ರೇಮಪತ್ರ.

ಫೆಬ್ರವರಿಯಲ್ಲಿ ನ್ಯುಮೋನಿಯಾ ಹಿಡಿಯಿತು. ಮೂರು ವಾರ ಆಸ್ಪತ್ರೆ. ಮರಳಿ ಬಂದು ಪೀಪಾಯಿ ಕೋಣೆಯ ಬಾಗಿಲು ತೆರೆದಾಗ, ತಾನು ಬೇರೆ ಯಾರದೋ ಮನೆಗೆ ಬಂದೆನೇನೋ ಎನಿಸಿತು. ಕಿಟಕಿಗಳು ಹೊಳೆಯುತ್ತಿದ್ದವು. ಒಂದೇ ಒಂದು ಜೇಡರ ಬಲೆ ಉಳಿದಿರಲಿಲ್ಲ. ನಲವತ್ತು ಪೀಪಾಯಿಗಳೂ ಮೈತೊಳೆಸಿಕೊಂಡು ಬರೀ ಮರದ ಬಣ್ಣದಲ್ಲಿ ಸಾಲಾಗಿ ಮಲಗಿದ್ದವು. ನಡುವೆ ಗೊಡೆಲೀವ ನಿಂತಿದ್ದಳು, ಪಕ್ಕದಲ್ಲಿ ಬಕೆಟ್ಟು, ಮೊಣಕಾಲಿನವರೆಗೆ ನೆನೆದ ಏಪ್ರನ್ನು. ಮುಖದಲ್ಲಿ ಶಾಲೆಯಲ್ಲಿ ಬಹುಮಾನಕ್ಕೆ ಕಾದ ಹುಡುಗಿಯ ನಗು.

"ಏನ್ ಮಾಡಿದೀರಿ ಇದು?"

"ನಿಮ್ಮ ಶ್ವಾಸಕೋಶಕ್ಕೆ ಧೂಳು ಆಗಲ್ಲ ಅಂದ್ರಂತಲ್ಲ ಡಾಕ್ಟ್ರು. ಝುಲ್ಮಾ ಹೇಳಿದ್ರು. ಅದಕ್ಕೇ..."

ಅವನು ಕೂಗಾಡಿದ. ಜೇಡಗಳಿಲ್ಲದಿದ್ದರೆ ನೊಣಗಳನ್ನು ಯಾರು ಹಿಡಿಯುತ್ತಾರೆ, ನೊಣ ಮುಟ್ಟಿದ ಬಿಯರು ವಿನೆಗರ್ ಆಗುತ್ತದೆಂಬುದು ಈ ಕಣಿವೆಯ ತೊಟ್ಟಿಲ ಕೂಸಿಗೂ ಗೊತ್ತು ಎಂದ. ಪೀಪಾಯಿಗಳ ಮೂರು ವರ್ಷದ ನೆನಪನ್ನೆಲ್ಲ ಒಂದು ಬಟ್ಟೆಯಿಂದ ಒರೆಸಿಬಿಟ್ಟಿರಿ ಎಂದ. ಅವೆಲ್ಲ ನಿಜವೇ. ಆದರೆ ಕೂಗುತ್ತಿದ್ದಾಗ ಅವನ ಕಣ್ಣು ನೆಟ್ಟಿದ್ದದ್ದು ಹನ್ನೊಂದನೆಯ ಪೀಪಾಯಿಯ ಬೋಳು ಹಣೆಯ ಮೇಲೆ. ಅವಳು ನೋಡಿದ್ದಾಳೆ, ನೋಡಿ, ಅರ್ಥ ಮಾಡಿಕೊಂಡು, ಒರೆಸಿದ್ದಾಳೆ, ಇದೇ ಅವಳ ಉತ್ತರ ಎಂದುಕೊಂಡ.

"ಈ ಚಳಿಗಾಲದ ಬಿಯರ್ ಬಾಟಲಿಗೆ ಇಳಿಯೋ ತನಕ ನಿಮ್ಮ ಮುಖ ನನಗೆ ತೋರಿಸ್ಬೇಡಿ!"

ಅವಳು ಏಪ್ರನ್ನಿನ ಜೇಬಿಗೆ ಕೈ ಹಾಕಿ ಏನನ್ನೋ ತೆಗೆಯಹೊರಟಿದ್ದಳು. ಅವನು ಅದನ್ನು ನೋಡಲು ನಿಲ್ಲಲಿಲ್ಲ.

ಮರುದಿನವೇ ಅವಳು ಊರು ಬಿಟ್ಟಳು. ಆರ್ಗನ್ನಿನ ಎರಡು ಕೊಳವೆಗಳ ಕೆಲಸ ಹಾಗೆಯೇ ಉಳಿಯಿತು. ಭಾನುವಾರ ಭಾನುವಾರ ಚರ್ಚಿನಲ್ಲಿ ಹಾಡು ಏರುತ್ತ ಹೋಗಿ, ಎರಡು ಕಡೆ ಮೆಟ್ಟಿಲು ತಪ್ಪಿದಂತೆ ಶೂನ್ಯಕ್ಕೆ ಕಾಲಿಡುತ್ತಿತ್ತು. ಊರಿನವರು ಅದಕ್ಕೆ ಒಗ್ಗಿಕೊಂಡರು. ಒದಿಲೋನ್ ಮಾತ್ರ ಆ ಎರಡು ಮೌನಗಳನ್ನು ಕೇಳಲೆಂದೇ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ.

ಒಂದೊಂದೇ ಪೀಪಾಯಿಯ ರುಚಿ ನೋಡಿ, ಅದರ ವಯಸ್ಸನ್ನೂ ಗುಣವನ್ನೂ ನಾಲಿಗೆಯಿಂದಲೇ ಹೆಕ್ಕಿ, ಗುರುತುಗಳನ್ನು ಮತ್ತೆ ಬರೆಯಲು ಅವನಿಗೆ ಎರಡು ವಾರ ಹಿಡಿಯಿತು. ಮೂವತ್ತೊಂಬತ್ತರ ಮೇಲೆ ಬರೆದ. ಹನ್ನೊಂದನ್ನು ಮುಟ್ಟಲಿಲ್ಲ. ಬೇಸಿಗೆಯ ಹೊತ್ತಿಗೆ ಜೇಡಗಳು ತಾವಾಗಿ ಮರಳಿದವು, ಯಾರ ಮೇಲೂ ಮುನಿಸಿಲ್ಲದಂತೆ.

*

"ಇದರ ಮೇಲೆ ಯಾಕೆ ಏನೂ ಬರೆದಿಲ್ಲ?" ದಪ್ಪ ಕನ್ನಡಕದ ಪ್ರವಾಸಿಯೊಬ್ಬ ಹನ್ನೊಂದರ ಮುಂದೆ ನಿಂತು ಕೇಳಿದ.

"ಅದಕ್ಕೆ ಕಾಯಿಲೆಯಾಗಿತ್ತು" ಎಂದ ಒದಿಲೋನ್. "ಎರಡನೇ ಬೇಸಿಗೇಲಿ ಬಿಯರ್ ಮೊಟ್ಟೆಯ ಬಿಳಿ ಹಾಗೆ ಲೋಳೆಯಾಯ್ತು. ಸುರಿದ್ರೆ ನೂಲು ಬಿಡ್ತಿತ್ತು."

"ಚೆಲ್ಲಿಬಿಡಬೇಕಿತ್ತು."

"ಹೊಸಬರು ಚೆಲ್ತಾರೆ. ಮುಟ್ಟದೆ ಬಿಟ್ರೆ ತಾನಾಗೇ ವಾಸಿಯಾಗುತ್ತೆ. ಕಾಯ್ಬೇಕು ಅಷ್ಟೆ."

"ಎಷ್ಟು ದಿನ ಕಾಯ್ಬೇಕು, ಯಜಮಾನ್ರೇ?"

ಹಿಂದಿನಿಂದ ಬಂದ ಧ್ವನಿ. ಹದಿನಾಲ್ಕು ತಲೆಗಳೂ ಅತ್ತ ತಿರುಗಿದವು.

"ಕೆಲವಕ್ಕೆ ಆರು ತಿಂಗಳು."

"ಇನ್ನು ಕೆಲವಕ್ಕೆ?"

ಒದಿಲೋನ್ ಟೋಪಿ ತೆಗೆದ. ಏಕೆ ತೆಗೆದೆನೆಂದು ತಿಳಿಯದೆ ಮತ್ತೆ ಇಟ್ಟುಕೊಂಡ. "ಹೊರಗೆ ರೊಟ್ಟಿ ಇದೆ" ಎಂದ ಎಲ್ಲರಿಗೂ. "ಬಿಳಿ ಚೀಸು, ಮೂಲಂಗಿ. ನಮ್ಮಕ್ಕ ಕಾಯ್ತಿದಾಳೆ. ಅವಳನ್ನ ಕಾಯಿಸಿದ್ರೆ ಬೈತಾಳೆ."

ಪ್ರವಾಸಿಗರು ಅಂಗಳಕ್ಕೆ ಇಳಿದರು. ಹದಿನಾಲ್ಕು ಜೊತೆ ಹೆಜ್ಜೆಗಳು ಕಲ್ಲುಹಾಸಿನ ಮೇಲೆ ದೂರವಾದವು. ಪೀಪಾಯಿಗಳ ನಡುವಿನ ತಂಪಿನಲ್ಲಿ ಇಬ್ಬರು ಉಳಿದರು.

"ಎಲ್ಲ ವಾಪಸ್ ಬಂದಿವೆ" ಎಂದಳು ಅವಳು, ತೊಲೆಗಳ ಮೇಲಿನ ಬಲೆಗಳನ್ನು ನೋಡುತ್ತ. "ನಾನೊಬ್ಳೇ ತಡವಾಗಿ ಬಂದಿದ್ದು."

"ನೀವು ಬರಲ್ಲ ಅಂದ್ಕೊಂಡಿದ್ದೆ."

"ನೀವೇ ಅಲ್ವಾ ಹೇಳಿದ್ದು? ಬಾಟಲಿಗೆ ಇಳಿಯೋ ತನಕ ಅಂತ. ಮೂರು ಬೇಸಿಗೆ ಬೇಕು ಅಂತ ಅದಕ್ಕೂ ಮುಂಚೆ ನೀವೇ ಕಲಿಸಿದ್ರಿ. ಎಣಿಸಿದೆ. ಆಯ್ತು. ಬಂದೆ."

"ಅದು... ಸಿಟ್ಟಿನ ಮಾತು, ಅಮ್ಮಾವ್ರೇ. ಯಾರಾದ್ರೂ ಅದನ್ನ ಲೆಕ್ಕ ಹಿಡ್ಕೊಂಡು ಕೂರ್ತಾರಾ?"

"ಕೊಳವೆ ಕತ್ತರಿಸೋಳು ನಾನು. ಕೂದಲೆಳೆ ಹೆಚ್ಚುಕಮ್ಮಿಯಾದ್ರೂ ಅಪಸ್ವರ. ಹೇಳಿದ ಅಳತೆ ಅಂದ್ರೆ ಅಳತೆ." ನಕ್ಕಳು, ನಗು ಬೇಗ ಆರಿತು. "ಇರೋದಕ್ಕೆ ಬಂದಿಲ್ಲ. ನಾಲ್ಕು ನಲವತ್ತರ ರೈಲಿಗೆ ಹೋಗ್ಬೇಕು. ನಿಮ್ಮದೊಂದು ವಸ್ತು ನನ್ನ ಹತ್ರ ಉಳ್ಕೊಂಡಿತ್ತು, ಅಷ್ಟೆ."

ಕೋಟಿನಿಂದ ತೆಗೆದದ್ದು ಒಂದು ಪುಟ್ಟ ನೋಟ್‌ಬುಕ್ಕು. ನೀರು ಬಿದ್ದು ಅಂಚು ಉಬ್ಬಿತ್ತು. ಒದಿಲೋನ್ ಕಿಟಕಿಯ ಬೆಳಕಿಗೆ ಹಿಡಿದು ತೆರೆದ. ಪುಟಕ್ಕೊಂದು ಪೀಪಾಯಿ. ಒಂದು, ಎರಡು, ಮೂರು... ಅವನ ಕೈಬರಹದ ಒಂದೊಂದು ಗೀಟು, ಅವನಿಗಷ್ಟೇ ಅರ್ಥವಾಗುವ ಅಡ್ಡಗೆರೆ, ಚುಕ್ಕೆ, ಅಜ್ಜನ ಕಾಲದ ಸುಳಿ. ಎಲ್ಲವನ್ನೂ ಅಳತೆ ತಪ್ಪದೆ ನಕಲು ಮಾಡಿದ್ದಳು. ಒಂದೂ ಕಳೆದುಹೋಗಿರಲಿಲ್ಲ. ಒರೆಸುವುದಕ್ಕೆ ಮೊದಲು ನಲವತ್ತರ ಮುಂದೆಯೂ ಮಂಡಿಯೂರಿ ಕುಳಿತು ಬರೆದುಕೊಂಡಿದ್ದಳು.

"ಹಳೇ ಆರ್ಗನ್ ಬಿಚ್ಚೋವಾಗ ಹೀಗೇ ಮಾಡ್ತೀವಿ" ಎಂದಳು ಮೆಲ್ಲಗೆ. "ಮೊದ್ಲು ಗುರುತು ಬರ್ಕೊಳ್ಳೋದು, ಆಮೇಲೆ ತೊಳೆಯೋದು, ಕೊನೆಗೆ ಮತ್ತೆ ಬರೆಯೋದು. ಆವತ್ತು ಸೀಮೆಸುಣ್ಣ ತರೋಕೆ ಹೊರಟಿದ್ದೆ. ನೀವು ಬಂದ್ಬಿಟ್ರಿ."

ಎರಡು ವಾರ ನಾಲಿಗೆ ಹುಳಿಯಾಗುವಂತೆ ರುಚಿ ನೋಡಿದ್ದು ಅವನಿಗೆ ನೆನಪಾಯಿತು. ಅದಕ್ಕಿಂತಲೂ ಹುಳಿಯಾಗಿ ಕಳೆದ ಮೂರು ವರ್ಷಗಳೂ. ಏಪ್ರನ್ನಿನ ಜೇಬಿಗೆ ಹೋದ ಆ ಕೈ. ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದಿದ್ದರೆ ಸಾಕಾಗಿತ್ತು. ಲೋಳೆಗಟ್ಟಿದ ಬಿಯರಿಗೆ ಇಡೀ ಬೇಸಿಗೆಯೊಂದನ್ನು ಕೊಟ್ಟವನು ಅವಳಿಗೆ ಅಷ್ಟನ್ನೂ ಕೊಟ್ಟಿರಲಿಲ್ಲ.

"ನೋಡ್ತಾ ನೋಡ್ತಾ ಎಲ್ಲಾ ಅರ್ಥ ಆಯ್ತು" ಎಂದಳು ಗೊಡೆಲೀವ. "ಒಂದು ಪುಟ ಬಿಟ್ಟು."

ಹನ್ನೊಂದನೆಯ ಪುಟ. ದಿನಾಂಕದ ಕೆಳಗೆ ಬೆರಳುದ್ದದ ಕೊಳವೆಯ ಚಿತ್ರ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಪ್ರಶ್ನೆಯ ಗುರುತು. ಆಮೇಲೆ ಅದನ್ನು ಅಳಿಸಿ ಮತ್ತೆ ಬರೆದಂತೆ, ಕಾಗದ ಅಲ್ಲಿ ತೆಳುವಾಗಿತ್ತು.

"ಇದು ಆರ್ಗನ್ ಕೊಳವೇನಾ, ಯಜಮಾನ್ರೇ? ಅಥವಾ ಬಾಟಲೀನಾ? ಮೂರು ವರ್ಷದಿಂದ ನೋಡ್ತಿದೀನಿ. ಕೊಳವೆ ಅಂದ್ರೆ ಗಾಳಿ ಹೊರಡೋ ಬಾಯಿ ತಪ್ಪಾದ ಜಾಗದಲ್ಲಿದೆ. ಇಂಥ ಕೊಳವೆಯಿಂದ ಸ್ವರ ಬರಲ್ಲ."

ಹಗುರವಾಗಿ ಹೇಳಲು ಹೊರಟಿದ್ದಳು. ಕೊನೆಯ ಪದದಲ್ಲಿ ಧ್ವನಿ ಅವಳನ್ನು ಬಿಟ್ಟುಕೊಟ್ಟಿತು. ಅವಳು ಬಂದದ್ದು ನೋಟ್‌ಬುಕ್ ಕೊಡಲು ಅಲ್ಲ, ಈ ಒಂದು ಪುಟವನ್ನು ಕೇಳಲು ಎಂಬುದು ಒದಿಲೋನ್‌ಗೆ ಆಗ ತಿಳಿಯಿತು. ಮೂರು ವರ್ಷ ಅವಳೂ ಎಲ್ಲೋ ಒಂದು ಕೋಣೆಯಲ್ಲಿ, ಈ ಪುಟವನ್ನು ದೀಪಕ್ಕೆ ಹಿಡಿದು ಕೂತಿದ್ದಳು.

ಅವನು ಬಾಗಿಲ ಗೂಡಿನಿಂದ ಸೀಮೆಸುಣ್ಣ ತಂದ. ಹನ್ನೊಂದನೆಯ ಪೀಪಾಯಿಯ ಮುಂದೆ, ಮಂಡಿ ನೋಯುತ್ತಿದ್ದರೂ ಕುಳಿತ. ನೋಟ್‌ಬುಕ್ ನೋಡಿ ದಿನಾಂಕ ಬರೆದ. ಅದರ ಕೆಳಗೆ ಕೊಳವೆಯನ್ನು ಬಿಡಿಸಿದ, ಅದೇ ತಪ್ಪು ಬಾಯಿಯೊಡನೆ.

"ಇದು ಆ ದಿನ" ಎಂದ, ಪೀಪಾಯಿಗೇ ಹೇಳುವವನಂತೆ. "ನೀವು ಇಲ್ಲಿ ಕಿವಿ ಇಟ್ಟಿದ್ದ ದಿನ. ಅದು ಮರೀಬಾರ್ದು ಅಂತ ಹಾಕಿದ್ದೆ. ನೀವು ನೋಡಿ, ಬೇಡ ಅಂತ ಒರೆಸಿದ್ರಿ ಅಂದ್ಕೊಂಡೆ. ದಡ್ಡ."

ಅಂಗಳದಲ್ಲಿ ಝುಲ್ಮಾ ಯಾರಿಗೋ "ಮೂಲಂಗಿ ತಿನ್ನಿ ಸ್ವಾಮಿ, ಅಲಂಕಾರಕ್ಕಿಟ್ಟಿಲ್ಲ" ಎನ್ನುತ್ತಿದ್ದಳು. ಆಮೇಲೆ ಸೀಸದ ಬೂದಿಬಣ್ಣದ ಒಂದು ಹೆಬ್ಬೆರಳು ಅವನ ಹೆಗಲ ಮೇಲಿನಿಂದ ಬಂತು. ಕೊಳವೆಯ ತಪ್ಪು ಬಾಯಿಯನ್ನು ಒರೆಸಿತು. ಅವಳ ಕೈ ಅವನಿಂದ ಸೀಮೆಸುಣ್ಣ ತೆಗೆದುಕೊಂಡು, ಬಾಯಿಯನ್ನು ಇರಬೇಕಾದ ಕಡೆ, ಕೊಳವೆಯ ಪಾದಕ್ಕೆ ಹತ್ತಿರವಾಗಿ, ಬಿಡಿಸಿತು.

"ಈಗ ಸ್ವರ ಬರುತ್ತೆ" ಎಂದಳು.

ಅವನು ಪೀಪಾಯಿಯ ಹಣೆಯಲ್ಲಿ, ರುಚಿ ನೋಡುವ ರಂಧ್ರಕ್ಕೆ ಬಿರಡೆಯಾಗಿದ್ದ ಪುಟ್ಟ ಮೊಳೆಯನ್ನು ಇಕ್ಕಳದಿಂದ ಎಳೆದ. ದಾರದಂಥ ಧಾರೆ ಲೋಟಕ್ಕೆ ಬಾಗಿತು, ತಿಳಿ ಹೊನ್ನಿನ ಬಣ್ಣದಲ್ಲಿ. ನೂಲಿಲ್ಲ, ಲೋಳೆಯಿಲ್ಲ. ಮೊಳೆಯನ್ನು ಮತ್ತೆ ಒತ್ತಿದ. ಅವಳು ಒಂದು ಗುಟುಕು ಕುಡಿದು ಕಣ್ಣು ಕಿರಿದಾಗಿಸಿದಳು.

"ಅಯ್ಯೋ, ಎಷ್ಟು ಹುಳಿ!"

"ಒಂಟಿಯಾಗಿ ಕುಡಿದ್ರೆ ಹಾಗೇ. ನೊರೇನೂ ಬರಲ್ಲ. ಎಳೇ ಬಿಯರಿನ ಜೊತೆ ಬೆರೆಸಿ ಬಾಟಲಿಗೆ ತುಂಬಬೇಕು."

"ಆಮೇಲೆ ಎಷ್ಟು ದಿನ?"

"ಆರು ತಿಂಗಳು."

"ಹಾಗಾದ್ರೆ ನಾನು ಅಕ್ಟೋಬರಿಗೆ..."

"ಬೇಡ" ಎಂದ ಒದಿಲೋನ್. ಇಷ್ಟು ಜೋರಾಗಿ ಹೇಳಬೇಕೆಂದಿರಲಿಲ್ಲ. ಜೇಡವೊಂದು ಬಲೆಯ ಮೇಲೆ ಸರಿದು ಕೂತಿತು. "ಚರ್ಚಲ್ಲಿ ಎರಡು ಕೊಳವೆ ಹಾಗೇ ಉಳಿದಿವೆ, ಗೊಡೆಲೀವ. ಗಾಡಿಮನೆ ಮೇಲಿನ ಕೋಣೇನ ಯಾರಿಗೂ ಕೊಟ್ಟಿಲ್ಲ. ಇನ್ನೊಂದು ಸಲ ನನ್ನ ಕೈಲಿ ಕಾಯೋಕಾಗಲ್ಲ."

ಅವಳು ಗಡಿಯಾರ ನೋಡಿಕೊಂಡಳು. ಲೋಟವನ್ನು ಅವನ ಕೈಗೆ ಕೊಟ್ಟಳು. ಹೊರಡುವಳೆಂದುಕೊಂಡು ಅವನು ದಾರಿ ಬಿಟ್ಟು ಗೋಡೆಗೆ ಸರಿದು ನಿಂತ.

ಅವಳು ಹನ್ನೊಂದನೆಯ ಪೀಪಾಯಿಯ ಬಳಿಗೆ ಹೋಗಿ, ಹೊಸ ಗುರುತಿಗೆ ತಾಗದಂತೆ, ಮರಕ್ಕೆ ಕಿವಿಯಿಟ್ಟು ಕಣ್ಣು ಮುಚ್ಚಿದಳು.

"ಏನೂ ಕೇಳಿಸ್ತಿಲ್ಲ" ಎಂದಳು.

"ಮೂರು ವರ್ಷದ ಬಿಯರ್ ಮಾತಾಡಲ್ಲ."

"ಶ್! ಕೇಳೋಕೆ ಬಿಡಿ."

ಅವನು ಬಿಟ್ಟ. ನದಿಯಾಚೆಯ ಸೇತುವೆಯ ಮೇಲೆ ನಾಲ್ಕು ನಲವತ್ತರ ರೈಲು ಬಂತು. ಕಿಟಕಿಯ ಗಾಜು ಸಣ್ಣಗೆ ನಡುಗಿತು, ತೊಲೆಗಳ ಮೇಲಿನ ಬಲೆಗಳೆಲ್ಲ ಒಮ್ಮೆ ಕಂಪಿಸಿ ನಿಂತವು. ರೈಲು ಹೋಯಿತು. ಅವಳು ಕಿವಿಯನ್ನು ಎತ್ತಲಿಲ್ಲ.