ಕೂಗುವ ಮೊದಲೇ ಬಂದ ದೋಣಿ

ಜುಲೈ ತಿಂಗಳ ಎರಡನೇ ಶನಿವಾರ, ಸಂಜೆ ನಾಲ್ಕೂವರೆ. ಎಂಬರಾರಾ ಹೆದ್ದಾರಿಯ ಪಕ್ಕದ ಠಾಣೆಗೆ ಏಳು ಮಂದಿ ಹೆಂಗಸರು ಒದ್ದೆ ಬಟ್ಟೆಯಲ್ಲೇ ಬಂದರು. ಎಲ್ಲರೂ ಕಂಪಾಲಾದ ಆಸ್ಪತ್ರೆಯೊಂದರ ನರ್ಸುಗಳು. ವರ್ಷಕ್ಕೊಮ್ಮೆ ಸಿಗುವ ರಜೆ ಒಟ್ಟುಮಾಡಿಕೊಂಡು ಕಾಡುಪ್ರಾಣಿಗಳ ಪಾರ್ಕು ನೋಡಲು ಬಂದಿದ್ದರು. ಎಂಟನೆಯವಳು ಬಾಬಿರ್ಯೆ ಕೈಮೂಳೆ ಮುರಿದುಕೊಂಡು ಎಂಬರಾರಾದಲ್ಲಿ ಹಾಸಿಗೆ ಹಿಡಿದಿದ್ದಳು.

ದೂರು ಬರೆಸಿದವಳು ಅವರ ಹೆಡ್ ನರ್ಸ್ ನಕಿಮುಲಿ. ಪಾರ್ಕಿನ ಕಿರೇರೆ ಸರೋವರದಲ್ಲಿ ದೋಣಿ ನಡೆಸುವ ನತುಕುಂಡಾ ಎಂಬವಳ ಅಜಾಗರೂಕತೆಯಿಂದ ನಡುನೀರಿನಲ್ಲಿ ದೋಣಿಗೆ ನೀರು ನುಗ್ಗಿತು, ಸುತ್ತಲೂ ನೀರಾನೆಗಳಿದ್ದವು, ಹಿರಿಯ ದೋಣಿಗಾರ ಮುಗರೂರಾ ತನ್ನ ದೋಣಿ ತಂದು ಹಗ್ಗ ಕಟ್ಟಿ ಎಳೆಯದಿದ್ದರೆ ಎಂಟು ಹೆಣಗಳು ಕಂಪಾಲಾಕ್ಕೆ ಹೋಗಬೇಕಿತ್ತು ಎಂದಳು. ಒಂದೇ ಉಸಿರಿನಲ್ಲಿ ಒಬ್ಬಳನ್ನು ಬೈದು ಇನ್ನೊಬ್ಬನನ್ನು ಹೊಗಳಿದಳು. ಇನ್ಸ್‌ಪೆಕ್ಟರ್ ಬೈಂಗಾನಾ ಎರಡನ್ನೂ ಬರೆದುಕೊಂಡು ಎಫ್‌ಐಆರ್ ದಾಖಲಿಸಿದ. ಆರೋಪಿಯ ಕಾಲಮ್ಮಿನಲ್ಲಿ ನತುಕುಂಡಾಳ ಹೆಸರು ಬಿತ್ತು. ಅದು ಸಾಬೀತಾದರೆ ಅವಳ ಪರವಾನಗಿ ಹೋಗುತ್ತದೆ, ಜೈಲೂ ಆಗುತ್ತದೆ. ಪಾರ್ಕಿನ ಕಚೇರಿಯವರು ಅಷ್ಟೂ ಕಾಯಲಿಲ್ಲ. ಆ ಸಂಜೆಯೇ ಅವಳಿಂದ ದೋಣಿಯ ಕೀಲಿ ಕಿತ್ತುಕೊಂಡರು.

ಭಾನುವಾರ ಬೆಳಿಗ್ಗೆ ಬೈಂಗಾನಾ ಮತ್ತು ಕಾನ್‌ಸ್ಟೆಬಲ್ ಮಸಾಬಾ ಜೀಪಿನಲ್ಲಿ ಪಾರ್ಕಿಗೆ ಹೋದರು. ಮಸಾಬಾ ಪೂರ್ವದ ಬೆಟ್ಟದ ಸೀಮೆಯವನು, ನಮ್ಮ ಕಡೆಯ ನೀರು ಕಂಡರೆ ಅವನಿಗೆ ಆಗದು. ದಾರಿಯುದ್ದಕ್ಕೂ ಪಟ್ಟೆಕುದುರೆಗಳು ಜೀಪಿಗೆ ಅಡ್ಡ ನಿಂತು ಅವನ ಬೈಗುಳ ತಿಂದವು. ಪಾರ್ಕೇನೋ ಅಂಗೈಯಷ್ಟು. ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ಬಂಡೆಗುಡ್ಡ, ಜಾಲಿಕಾಡು, ಜೌಗು, ಸರೋವರ ಎಲ್ಲ ಸುತ್ತಿ ಬರಬಹುದು. ಇಷ್ಟು ಸಣ್ಣ ಜಾಗದಲ್ಲಿ ಈಲ್ಯಾಂಡು ಎಂಬ ದೊಡ್ಡ ಜಿಂಕೆ, ಕಾಡೆಮ್ಮೆ, ಮೊಸಳೆ, ಚಿರತೆ, ಲೆಕ್ಕವಿಲ್ಲದಷ್ಟು ಹಕ್ಕಿ ಹೇಗೋ ಹೊಂದಿಕೊಂಡು ಬಾಳುತ್ತವೆ. ದೋಣಿಗಾರರು ಇದ್ದವರೇ ಇಬ್ಬರು, ಅವರಿಗೆ ಹೊಂದಿಕೊಳ್ಳಲಾಗಲಿಲ್ಲ ನೋಡಿ.

ದೋಣಿಕಟ್ಟೆಯಲ್ಲಿ ನತುಕುಂಡಾ ಒಬ್ಬಳೇ ಕೂತಿದ್ದಳು. ಇಪ್ಪತ್ತಾರರ ಹೆಣ್ಣು. ರಾತ್ರಿಯಿಡೀ ಅತ್ತ ಗುರುತು ಮುಖದಲ್ಲಿತ್ತು, ಮಾತಿನಲ್ಲಿ ಇರಲಿಲ್ಲ.

"ದೋಣಿ ತಳದಲ್ಲಿ ತೂತು ಯಾಕಿದೆ?" ಬೈಂಗಾನಾ ಕೇಳಿದ.

"ತೊಳ್ದ ನೀರು ಹೊರಗೆ ಹೋಗೋಕೆ, ಅಫಂದೆ. ಎಲ್ಲಾ ದೋಣೀಲೂ ಇರುತ್ತೆ. ಹಿತ್ತಾಳೆ ಬಿರಡೆ ಹಾಕಿ ಮುಚ್ತೀವಿ." ಪೊಲೀಸರಿಗೆ ಇಲ್ಲಿ ಸಾಹೇಬರೇ ಅನ್ನುವ ಬದಲು ಅಫಂದೆ ಅನ್ನುತ್ತಾರೆ.

"ನಿನ್ನೆ ಮುಚ್ಚಿದ್ಯಾ?"

"ಹಿಂದಿನ ಸಂಜೆನೇ ಮುಚ್ಚಿದ್ದೆ. ನಿನ್ನೆ ನೀರಿಗಿಳಿಸೋ ಮುಂಚೆ ಹಲಗೆ ಕೆಳಗೆ ಕಾಲು ತೂರ್ಸಿ ಹೆಬ್ಬೆರಳಲ್ಲಿ ಒತ್ತಿ ನೋಡ್ದೆ. ಗಟ್ಟಿಯಾಗೇ ಇತ್ತು. ಇದನ್ನ ಯಾರಿಗೆ ಹೇಳಿದ್ರೂ ನಗ್ತಾರೆ."

ಪಂಚರ ಸಮಕ್ಷಮದಲ್ಲಿ ದೋಣಿಯ ಪಂಚನಾಮೆ ನಡೆಯಿತು. ಹಿಂಬದಿಯ ಹಲಗೆ ಎತ್ತಿದಾಗ ತಳದ ತೂತಿನಲ್ಲಿ ಅವಳ ಸಮವಸ್ತ್ರದ ಸ್ವೆಟರು ತುರುಕಿಕೊಂಡಿತ್ತು. ನೀರು ಏರುವುದು ಕಂಡೊಡನೆ ಬಿಚ್ಚಿ ತಾನೇ ತುರುಕಿದ್ದಾಗಿ ಹೇಳಿದಳು. ಬಿರಡೆ ಎಲ್ಲೂ ಸಿಗಲಿಲ್ಲ. ತೂತಿನ ಸುತ್ತ ಏನೋ ನೀಲಿ ಲೋಳೆ ಮೆತ್ತಿತ್ತು. ಮಸಾಬಾ ಬೆರಳಿಗೆ ಹಚ್ಚಿ, ನೀರು ತಾಗಿಸಿ ಉಜ್ಜಿದ. ನೊರೆ ಬಂತು.

"ಬಾರ್ ಸೋಪು, ಅಫಂದೆ. ನನ್ನ ಯೂನಿಫಾರ್ಮು ಒಗೆಯೋದೂ ಇದ್ರಲ್ಲೇ," ಎಂದ.

ಬೈಂಗಾನಾ ಬಗ್ಗಿ ಲೋಳೆ ನೋಡಿ ಲೆಕ್ಕ ಹಾಕಿದ. ಸೋಪನ್ನು ಬಿರಡೆಯ ಆಕಾರಕ್ಕೆ ಕೊಯ್ದು ತೂತಿಗೆ ಹೊಡೆದರೆ ದೋಣಿ ದಡದ ಮೇಲಿರುವಷ್ಟು ಹೊತ್ತೂ ಕಾಲಿಗೆ ಗಟ್ಟಿಯಾಗಿಯೇ ಸಿಗುತ್ತದೆ. ದೋಣಿ ಹೊರಟ ಮೇಲೆ ನೀರಿನಲ್ಲಿ ಕರಗಿ ಸಡಿಲವಾಗಿ, ಸರಿಯಾಗಿ ನಡುನೀರಿನಲ್ಲಿ ಕಳಚಿಕೊಳ್ಳುತ್ತದೆ. ಇದು ಮರೆವಲ್ಲ, ಯಾರೋ ಕೂತು ಯೋಚಿಸಿ ಮಾಡಿದ ಕೆಲಸ. ಲೋಳೆಯನ್ನು ಡಬ್ಬಿಗೆ ಹಾಕಿ ಮೊಹರು ಮಾಡಿ, ದೋಣಿಯನ್ನು ಜಪ್ತಿ ಮಾಡಿದರು.

ಮುಗರೂರಾ ಕಟ್ಟೆಯ ಆಚೆಗಿನ ಚಹಾ ಅಂಗಡಿಯಲ್ಲಿದ್ದ. ಅಂದು ಅವನಿಗೆ ಎಲ್ಲಿ ಕೂತರೂ ಹಾಲಿನ ಚಹಾ, ಹುರಿದ ಮೀನು ಪುಕ್ಕಟೆ. ಐವತ್ತೆರಡು ದಾಟಿದವನು, ಬಾವುಟ ಕಟ್ಟುವ ಕಂಬದಂಥ ಆಳು. ಇಪ್ಪತ್ತು ವರ್ಷದಿಂದ ಆ ನೀರಿನ ಮೇಲೆಯೇ ಬದುಕಿದವನು. ಘಟನೆಯನ್ನು ಹತ್ತನೇ ಬಾರಿಯೋ ಏನೋ ಹೇಳಿದ. ಪ್ರವಾಸಿಗರಿಲ್ಲದೆ ದೋಣಿಯಲ್ಲಿ ಸುಮ್ಮನೆ ಕೂತಿದ್ದನಂತೆ, ಹೆಂಗಸರು ಕಿರುಚಿದ್ದು ಕೇಳಿಸಿತಂತೆ, ತಕ್ಷಣ ಹಗ್ಗ ತೆಗೆದು ಹಿಂಬದಿಗೆ ಬಿಗಿದು ಹಾರಿ ಹೋದಂತೆ ಹೋದನಂತೆ.

ಹುಡುಗಿಯ ಬಗ್ಗೆ ಕೇಳಿದಾಗ ಮುಗುಳ್ನಕ್ಕ. "ಕೆಲಸ ಕಲಿಸಿದ್ದೇ ನಾನು. ಬಾಯಿ ಚುರುಕು ಅವ್ಳಿಗೆ. ನಗ್ತಾಳೆ, ಹಾಡ್ತಾಳೆ, ಜನ ಮರುಳಾಗ್ತಾರೆ. ದೋಣಿಗೆ ಬಿರಡೆ ಹಾಕೋದು ಮಾತ್ರ ಮರೀತಾಳೆ."

ಇನ್ಸ್‌ಪೆಕ್ಟರ್ ಬಿರಡೆಯ ಮಾತನ್ನೇ ಎತ್ತಿರಲಿಲ್ಲ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು, ಹಗ್ಗ ಎಲ್ಲಿಡುತ್ತೀರಿ ಎಂದ. ಮುಂದಿನ ಸೀಟಿನ ಕೆಳಗೆ, ಜೀವರಕ್ಷಕ ಜಾಕೆಟ್ಟುಗಳ ಅಡಿಯಲ್ಲಿ, ಹೊರಗಿದ್ದರೆ ಪ್ರವಾಸಿಗರು ಎಡವುತ್ತಾರೆ ಎಂದ ಮುಗರೂರಾ. ಬೈಂಗಾನಾ ಮಸಾಬಾನನ್ನು ದೋಣಿಗಿಳಿಸಿ ಹಗ್ಗ ತೆಗೆದು ಹಿಂಬದಿಗೆ ಕಟ್ಟಲು ಹೇಳಿದ. ಮಸಾಬಾ ಜಾಕೆಟ್ಟುಗಳನ್ನು ಎಸೆದು, ಗೋಜಲು ಬಿಡಿಸಿ, ಎರಡು ಸಲ ಮುಗ್ಗರಿಸಿ, ತನ್ನ ಭಾಷೆಯಲ್ಲಿ ಯಾರದೋ ವಂಶ ಜಾಲಾಡಿ ಗಂಟು ಹಾಕುವಷ್ಟರಲ್ಲಿ ಇನ್ಸ್‌ಪೆಕ್ಟರ್ ಒಂದು ಲೋಟ ಚಹಾ ಮುಗಿಸಿದ್ದ. ಮುಗರೂರಾನ ಚಹಾ ಹಾಗೇ ಇತ್ತು.

ಅಂಗಡಿಯಾಕೆ ಹೇಳಿದ್ದು ಇಷ್ಟು. ಹಿಂದೆ ಬಂದವರೆಲ್ಲ ಮುಗರೂರಾನನ್ನೇ ಕೇಳುತ್ತಿದ್ದರು. ಮರದ ನೆರಳಲ್ಲಿ ಅಡಗುವ ಕೆಂಪುಕಾಲಿನ ನಾಚಿಕೆಹಕ್ಕಿಯನ್ನು ತೋರಿಸಲು ಅವನೊಬ್ಬನಿಗೇ ಬರುತ್ತದೆಂಬ ಹೆಸರಿತ್ತು. ಎರಡು ವರ್ಷದಿಂದ ಬಂದವರು ಜೀಪಿನಿಂದ ಇಳಿಯುವ ಮೊದಲೇ 'ನತುಕುಂಡಾ ಎಲ್ಲಿ' ಎನ್ನುತ್ತಾರೆ. ಅವಳ ದೋಣಿ ತುಂಬಿ ಹೊರಡುತ್ತದೆ. ಇವನು ಇದೇ ಬೆಂಚಿನಲ್ಲಿ ಕೂತು, ನೀರಿನ ಮೇಲಿಂದ ಬರುವ ನಗು ಕೇಳಿ ಹಲ್ಲು ಕಡಿಯುತ್ತಾನೆ. ಒಮ್ಮೆ ಅವಳು ಮೀನು ಹುರಿಸಿ ತಂದುಕೊಟ್ಟರೆ, ಮುಟ್ಟದೆ ನಾಯಿಗೆ ಹಾಕಿದನಂತೆ.

"ಹೊಟ್ಟೆ ಉರ್ಕೊಳ್ಳೋದಕ್ಕೂ ಒಂದು ಮಿತಿ ಬೇಡ್ವಾ?" ಎಂದಳು ಆಕೆ.

ಮಿತಿ ಇದ್ದಿದ್ದರೆ ಅದನ್ನು ಹೊಟ್ಟೆಯುರಿ ಅನ್ನುತ್ತಿರಲಿಲ್ಲ. ಆದರೆ ಹೊಟ್ಟೆಯುರಿಗೆ ಕೋಳ ತೊಡಿಸಲು ಕಾನೂನಿನಲ್ಲಿ ಅವಕಾಶವಿಲ್ಲ, ಸಾಕ್ಷಿ ಬೇಕು. ಮಧ್ಯಾಹ್ನ ಎರಡಕ್ಕೆ ಬೈಂಗಾನಾ ಎಂಬರಾರಾ ಆಸ್ಪತ್ರೆಗೆ ಹೋದ. ನಕಿಮುಲಿ ಗೆಳತಿಯ ಹಾಸಿಗೆಯ ಬಳಿ ಕೂತಿದ್ದಳು.

"ನೀರು ಬಂದಾಗ ಎಲ್ರೂ ಕಿರುಚಿದ್ರಾ, ಅಕ್ಕಾ?"

ನಕಿಮುಲಿ ಯೋಚಿಸಿದಳು. "ಇಲ್ಲ. ಆ ಹುಡುಗಿ ಕಿರುಚೋಕೆ ಬಿಡ್ಲಿಲ್ಲ. ನೀರಾನೆ ಮಲಗಿದೆ, ಎಬ್ಬಿಸ್ಬೇಡಿ, ಕೂತಲ್ಲೇ ಕೂತು ಚರ್ಚಿನ ಹಾಡು ಮೆಲ್ಲಗೆ ಹಾಡಿ ಅಂದ್ಲು. ಹಾಡ್ತಾ ನೀರು ಎತ್ತಿ ಚೆಲ್ಲಿದ್ವಿ."

"ಕಿರುಚಿದ್ದು ಯಾವಾಗ?"

"ಅವನು ದೋಣಿ ತಂದು ಗುದ್ದಿ, 'ಮುಳುಗ್ತೀರಿ, ನೆಗೀರಿ' ಅಂದಾಗ. ಇವ್ಳು ಬೇಡ ಬೇಡ ಅಂತಿದ್ಲು. ಬಾಬಿರ್ಯೆ ನೆಗೆದ್ಲು. ಕೈ ಮುರಿದಿದ್ದು ಆಗ್ಲೇ."

ಹೇಳುತ್ತ ಹೇಳುತ್ತ ಅವಳ ದನಿ ಇಳಿಯಿತು. ತಾನು ಯಾರ ಮೇಲೆ ದೂರು ಕೊಟ್ಟೆ ಎನ್ನುವುದು ಆಗ ಅವಳಿಗೆ ಹೊಳೆದಿರಬೇಕು. ಕೇಳುವ ಮೊದಲೇ ತನ್ನ ಫೋನನ್ನು ಇನ್ಸ್‌ಪೆಕ್ಟರ್ ಕೈಗಿಟ್ಟಳು.

ಫೋಟೋಗಳಿಗೇನು ಬರ. ನೀರಾನೆ, ಮೊಸಳೆ, ಮತ್ತೆ ನೀರಾನೆ, ಎಲ್ಲದರ ಮುಂದೆಯೂ ನಗುವ ನರ್ಸುಗಳು. ಒಂದರಲ್ಲಿ ಒಣಮರದ ಮೇಲೆ ಕೂತ ಮೀನುಹದ್ದು. ಅದರ ಹಿಂದೆ ಜೊಂಡಿನ ಮರೆಯಲ್ಲಿ ಇನ್ನೊಂದು ದೋಣಿ. ಬೈಂಗಾನಾ ಬೆರಳಿನಿಂದ ಚಿತ್ರ ಹಿಗ್ಗಿಸಿದ. ದೋಣಿಯಲ್ಲಿ ಮುಗರೂರಾ ಒಬ್ಬನೇ ಇದ್ದ, ಎಂಜಿನ್ನಿನ ಮೇಲೆ ಕೈಯಿಟ್ಟು ಇತ್ತಲೇ ನೋಡುತ್ತಿದ್ದ. ಹಿಂಬದಿಯ ಗೂಟಕ್ಕೆ ಹಗ್ಗ ಆಗಲೇ ಬಿಗಿದಿತ್ತು, ಉಳಿದದ್ದು ನೀಟಾಗಿ ಸುತ್ತಿಟ್ಟಿತ್ತು. ಅವನು ಹಾಗೆ ಕಾದುಕೊಂಡಿದ್ದಾಗ ನರ್ಸುಗಳ ದೋಣಿಗೆ ಇನ್ನೂ ಒಂದು ಹನಿ ನೀರೂ ಬಂದಿರಲಿಲ್ಲ.

"ಈ ಹದ್ದು ನೋಡಿದ ಎಷ್ಟು ಹೊತ್ತಿಗೆ ನೀರು ಬಂತು?"

"ಕಾಲು ಗಂಟೆ ಆಗಿರ್ಬೇಕು. ಇನ್ಸ್‌ಪೆಕ್ಟರೇ, ದೂರು ವಾಪಸ್ ತಗೋಬಹುದಾ?"

"ಬೇಡ, ತಿದ್ದಿ ಬರೀರಿ."

ಸೋಮವಾರ ಬೆಳಿಗ್ಗೆ ಎಂಟಕ್ಕೆ ಶೋಧನಾ ವಾರಂಟಿನೊಂದಿಗೆ ಅವರು ಮತ್ತೆ ಕಟ್ಟೆಗೆ ಬಂದರು. ಮುಗರೂರಾನ ಪೆಟ್ಟಿಗೆಯಲ್ಲಿ ಮಳೆಕೋಟಿನ ಜೇಬಿನೊಳಗೆ ಬಟ್ಟೆಯಲ್ಲಿ ಸುತ್ತಿದ ಹಿತ್ತಾಳೆ ಬಿರಡೆ ಸಿಕ್ಕಿತು. ಒಂದು ತುದಿ ಚಾಕುವಿನಿಂದ ಕೊಯ್ದ ನೀಲಿ ಸೋಪೂ ಅಲ್ಲೇ ಇತ್ತು.

ಮಸಾಬಾನಿಗೆ ತಡೆಯಲಾಗಲಿಲ್ಲ. "ಅಷ್ಟು ದೊಡ್ಡ ನೀರು ಪಕ್ಕದಲ್ಲೇ ಇದೆ. ಇದನ್ನ ಎಸೆಯೋಕೆ ಏನಾಗಿತ್ತು?"

"ಒಳ್ಳೇ ಬಿರಡೆ," ಎಂದ ಮುಗರೂರಾ. "ಎಂಟೆಬ್ಬೆಯಿಂದ ಬರ್ಬೇಕು. ತಿಂಗಳುಗಟ್ಟಲೆ ಕಾಯ್ಬೇಕು. ಎಸೆಯೋಕೆ ಕೈ ಬರ್ಲಿಲ್ಲ."

ಅದರ ನಂತರ ಅವನು ಏನನ್ನೂ ಮುಚ್ಚಿಡಲಿಲ್ಲ. ಯಾರನ್ನೂ ಸಾಯಿಸುವ ಮನಸ್ಸಿರಲಿಲ್ಲ, ಅದಕ್ಕೇ ಹತ್ತಿರವೇ ಕಾದಿದ್ದೆ ಎಂದ. ಶುಕ್ರವಾರ ಕತ್ತಲಾಗುವ ಮುಂಚೆ ಅವಳು ಮನೆಗೆ ಹೋದದ್ದು ನೋಡಿ ಬಿರಡೆ ಬದಲಿಸಿದ್ದ. ನೀರು ಏರುತ್ತದೆ, ಅವಳು ಹೆದರುತ್ತಾಳೆ, ಎಂಟು ಜನರ ಮುಂದೆ ತನ್ನ ಹೆಸರು ಹಿಡಿದು ಕೂಗುತ್ತಾಳೆ ಎಂದುಕೊಂಡಿದ್ದ.

"ಕಾದೆ, ಅಫಂದೆ. ನೀರು ಬಂತು, ಅವ್ಳು ಕರೀಲಿಲ್ಲ. ಹಾಡು ಶುರುಮಾಡಿದ್ಲು. ಆಗ್ಲೂ ಹಾಡು. ಮೈಯೆಲ್ಲ ಉರಿದುಹೋಯ್ತು."

"ಸ್ವೆಟರ್ ತುರುಕಿದ ಮೇಲೆ ನೀರು ನಿಂತಿತ್ತು. ನೀನು ಹೋಗದಿದ್ರೆ ಅವಳು ದಡ ಸೇರ್ತಿದ್ಲು. ಬಾಬಿರ್ಯೆ ಕೈಯೂ ಮುರೀತಿರ್ಲಿಲ್ಲ."

"ಗೊತ್ತು," ಎಂದ ಮುಗರೂರಾ. "ದೂರದಿಂದ್ಲೇ ಗೊತ್ತಾಯ್ತು. ಅದಕ್ಕೇ ಬೇಗ ಹೋದೆ."

ಬೈಂಗಾನಾ ಕೋಳ ತೊಡಿಸಿದ. ಪಾರ್ಕಿನ ವಾರ್ಡನ್ ತಲೆ ತಗ್ಗಿಸಿ ಬಂದು, ಜಪ್ತಿಯಾಗದೆ ಉಳಿದ ದೋಣಿಯ ಕೀಲಿಯನ್ನು ನತುಕುಂಡಾಳ ಕೈಗೆ ಕೊಟ್ಟ. ಕ್ಷಮೆ ಕೇಳುವ ಅಭ್ಯಾಸ ಅವನಿಗೂ ಇರಲಿಲ್ಲ, ಕೆಮ್ಮಿ ಹೋದ. ಉಳಿದದ್ದು ಮುಗರೂರಾನ ದೋಣಿ.

ಅಷ್ಟರಲ್ಲಿ ದೂರದ ಜಿಂಜಾ ಊರಿನಿಂದ ವ್ಯಾನೊಂದು ಬಂದು ನಿಂತಿತು. ಅಪ್ಪ, ಅಮ್ಮ, ಅಜ್ಜಿ, ನಾಲ್ಕು ಮಕ್ಕಳು. ಅಪ್ಪ ಇಳಿದವನೇ ಮಸಾಬಾನ ಬಳಿ ಬಂದ. ನರ್ಸುಗಳನ್ನು ಉಳಿಸಿದ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿದ್ದನಂತೆ.

"ಮುಗರೂರಾ ಅಂತ ಇದ್ದಾರಲ್ಲ, ಅವ್ರ ದೋಣಿನೇ ಬೇಕು. ನಮ್ಮಮ್ಮನಿಗೆ ನೀರಂದ್ರೆ ಭಯ. ಅವ್ರಾದ್ರೆ ಬರ್ತೀನಿ ಅಂದಿದ್ದಾಳೆ."

ಮಸಾಬಾ ಮುಗರೂರಾನತ್ತ ತಿರುಗಿದ. ಮುಗರೂರಾ ಮಳೆಕೋಟನ್ನು ಕೋಳದ ಮೇಲೆ ಎಳೆದುಕೊಂಡ. ಅವನ ಬೆನ್ನು ನೆಟ್ಟಗಾಯಿತು. ಎರಡು ವರ್ಷದಲ್ಲಿ ಮೊದಲ ಸಲ ಯಾರೋ ಅವನ ಹೆಸರು ಕೇಳಿ ಬಂದಿದ್ದರು.

"ಅಫಂದೆ," ಎಂದ ಪಿಸುದನಿಯಲ್ಲಿ. "ಒಂದೇ ಒಂದು ಸುತ್ತು. ಹೋಗಿ ಬಂದ್ಬಿಡ್ತೀನಿ. ಆಮೇಲೆ ಎಲ್ಲಿಗ್ ಬೇಕಾದ್ರೂ ಕರ್ಕೊಂಡ್ ಹೋಗಿ."

ಬೈಂಗಾನಾ ಅಡ್ಡಡ್ಡ ತಲೆಯಾಡಿಸಿದ. ಆಗುವುದಿಲ್ಲ ಎನ್ನಲು ಅವನಿಗೂ ಕಷ್ಟವಾಯಿತು.

ನತುಕುಂಡಾ ಇಬ್ಬರನ್ನೂ ನೋಡಿದಳು. ಅವನ ಬಣ್ಣ ಬಯಲಾಗಲು ಒಂದು ಮಾತು ಸಾಕಾಗಿತ್ತು, ಅವಳು ಹೇಳಲಿಲ್ಲ. ಅಜ್ಜಿಯ ಬಳಿ ಹೋಗಿ ಕೈ ಹಿಡಿದುಕೊಂಡಳು. "ಅವ್ರು ಇವತ್ತು ಬರಲ್ಲ, ಅಜ್ಜಿ. ದೋಣಿ ಅವ್ರದ್ದೇ. ಬನ್ನಿ, ನಾನಿದ್ದೀನಿ."

ಎಂಜಿನ್ ಶುರುವಾಯಿತು. ಮುಗರೂರಾ ಜೀಪಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತ. ದೋಣಿ ಜೊಂಡು ದಾಟುವ ಹೊತ್ತಿಗೆ ಅವಳು ಏನೋ ಹೇಳಿರಬೇಕು, ನೀರಿನ ಮೇಲಿಂದ ಅಜ್ಜಿಯ ನಗು ಕೇಳಿಸಿತು. ಅವನು ಕಿವಿ ಮುಚ್ಚಿಕೊಳ್ಳಲು ಎರಡೂ ಕೈಯೆತ್ತಿದ, ಕೋಳದಿಂದಾಗಿ ಒಂದು ಕಿವಿಗೆ ಮಾತ್ರ ಕೈ ಎಟುಕಿತು.

ಆರೋಪಪಟ್ಟಿ ಬರೆಯುವಾಗ ಉದ್ದೇಶದ ಬಗ್ಗೆ ಬೈಂಗಾನಾ ಬರೆದದ್ದು ಎರಡು ಸಾಲು. ಆರೋಪಿಗೆ ದೂರುದಾರರ ಮೇಲೆ ಯಾವ ದ್ವೇಷವೂ ಇರಲಿಲ್ಲ. ತಾನೇ ಕೆಲಸ ಕಲಿಸಿದ ಹುಡುಗಿ ತನಗಿಂತ ಚೆನ್ನಾಗಿ ಕಲಿತಿದ್ದನ್ನು ಸಹಿಸಲಾಗಲಿಲ್ಲ.